ಹಳೇ ಕಾರು, ಕಲಬುರಗಿ ಬಿಸಿಲು, ಸೋರುವ ಕೂಲೆಂಟ್

ಏಪ್ರಿಲ್ ಬಂತೆಂದರೆ ಕಲಬುರಗಿಯ ಗ್ಯಾರೇಜುಗಳ ಮುಂದೆ ಬಾನೆಟ್ ಎತ್ತಿ ನಿಂತ ಕಾರುಗಳು ಹೆಚ್ಚಾಗುತ್ತವೆ. ಅವುಗಳಲ್ಲಿ ಬಹುಪಾಲು ಹದಿನೈದು-ಇಪ್ಪತ್ತು ವರ್ಷ ಓಡಿದ ಮಾರುತಿ 800, ಸ್ಯಾಂಟ್ರೋ, ಇಂಡಿಕಾ, ಕ್ವಾಲಿಸ್, ಬೊಲೆರೊ. ಎಲ್ಲರ ದೂರೂ ಒಂದೇ: "ಗಾಡಿ ಗರಂ ಆಗ್ಲಾಕತ್ತದ್ರೀ." ಆದರೆ ಆ ಕಾಯಿಲೆ ಏಪ್ರಿಲ್‌ನಲ್ಲಿ ಹುಟ್ಟಿದ್ದಲ್ಲ. ಚಳಿಗಾಲದಿಂದಲೇ ವಾರಕ್ಕೆ ಅರ್ಧ ಲೋಟದಷ್ಟು ಕೂಲೆಂಟ್, ಅಂದರೆ ಎಂಜಿನ್ನನ್ನು ತಣ್ಣಗಿಡುವ ದ್ರವ, ಎಲ್ಲೋ ಸೋರಿ ಹೋಗುತ್ತಿರುತ್ತದೆ. ಹೊರಗೆ 28 ಡಿಗ್ರಿ ಇರುವಾಗ ಎಂಜಿನ್ ಅದನ್ನು ಹೇಗೋ ಸಹಿಸಿಕೊಂಡಿರುತ್ತದೆ. ಬಿಸಿಲು 42–43 ಮುಟ್ಟಿದ ಮೇಲೆ, ಎಸಿ ಹಾಕಿಕೊಂಡು ನಾಲ್ಕು ಜನ ಕೂತು ಜೇವರ್ಗಿ ಕಡೆಗೋ ಹುಮನಾಬಾದ್ ಕಡೆಗೋ ಹೊರಟಾಗ ಸಹಿಸುವುದಿಲ್ಲ.

ಸೋರಿಕೆ ಎಂದರೆ ನೀರು ಕಡಿಮೆಯಾಗುವುದು, ಕಡಿಮೆಯಾದಷ್ಟು ತುಂಬಿದರೆ ಮುಗಿಯಿತು ಎಂದು ಬಹುಮಂದಿ ತಿಳಿದಿದ್ದಾರೆ. ನಿಜದಲ್ಲಿ ನೀರಿಗಿಂತ ಮೊದಲು ಹೋಗುವುದು ಒತ್ತಡ. ರೇಡಿಯೇಟರ್ ಕ್ಯಾಪಿನ ಮೇಲೆ 0.9 ಅಥವಾ 1.1 ಎಂದು ಅಚ್ಚು ಹಾಕಿರುತ್ತಾರೆ. ಒಳಗಿನ ಒತ್ತಡ ಅಷ್ಟು ಬಾರ್ ಆಗುವವರೆಗೂ ಕ್ಯಾಪಿನ ಸ್ಪ್ರಿಂಗ್ ಬಿಡುವುದಿಲ್ಲ. ತೆರೆದ ಪಾತ್ರೆಯಲ್ಲಿ 100 ಡಿಗ್ರಿಗೆ ಕುದಿಯುವ ನೀರು 0.9 ಬಾರ್ ಒತ್ತಡದಲ್ಲಿ 118ರ ಆಸುಪಾಸಿಗೆ ಕುದಿಯುತ್ತದೆ. ಅರ್ಧ ಭಾಗ ಕೂಲೆಂಟ್ ಬೆರೆಸಿದ್ದರೆ ಅದು 125ರ ಹತ್ತಿರ ಹೋಗುತ್ತದೆ. ಎಲ್ಲೋ ಒಂದು ಸೂಜಿಮೊನೆಯಷ್ಟು ತೂತಿದ್ದರೂ ಈ ಒತ್ತಡ ನಿಲ್ಲುವುದಿಲ್ಲ. ಆಗ ಕುದಿಯುವ ಮಟ್ಟ ಮತ್ತೆ ನೂರರ ಹತ್ತಿರಕ್ಕೆ ಇಳಿಯುತ್ತದೆ. ಬೀದರ್‌ನ ಎತ್ತರದಲ್ಲಂತೂ ಬರೀ ನೀರು 98ರ ಸುಮಾರಿಗೇ ಕುದಿಯುತ್ತದೆ. ಅನೇಕ ಕಾರುಗಳಲ್ಲಿ ಫ್ಯಾನ್ ತಿರುಗಲು ಶುರುವಾಗುವುದೇ 95ರ ಆಸುಪಾಸಿನಲ್ಲಿ. ಉಳಿದ ಅಂತರ ಮೂರರಿಂದ ಐದು ಡಿಗ್ರಿ ಮಾತ್ರ. ರೇಡಿಯೇಟರ್ ಪಕ್ಕದ ಕೂಲೆಂಟ್ ಬಾಟಲಿ ತುಂಬಿದ್ದರೂ ಗಾಡಿ ಕುದಿಯುವುದಕ್ಕೆ ಬಹಳ ಸಲ ಇದೇ ಕಾರಣ.

ಹಾಗಾಗಿ ಮೊದಲ ಅನುಮಾನ ಕ್ಯಾಪಿನ ಮೇಲೇ ಇರಲಿ. ಎಲ್ಲಕ್ಕಿಂತ ಅಗ್ಗದ ಭಾಗ ಅದು. ತಣ್ಣಗಿದ್ದಾಗ ಬಿಚ್ಚಿ ರಬ್ಬರ್ ನೋಡಿ: ಸುತ್ತಲೂ ಆಳವಾದ ಗೆರೆ ಬಿದ್ದಿದ್ದರೆ, ಗಟ್ಟಿಯಾಗಿ ಸೀಳಿದ್ದರೆ ಬದಲಿಸಿ. ನಡುವೆ ಇರುವ ಚಿಕ್ಕ ಬಿಲ್ಲೆಯನ್ನು ಉಗುರಿನಿಂದ ಎಳೆದು ಬಿಡಿ. ಅದು ಟಕ್ಕನೆ ಹಿಂದಕ್ಕೆ ಕೂರಬೇಕು. ಎಂಜಿನ್ ತಣ್ಣಗಾಗುವಾಗ ಬಾಟಲಿಯಿಂದ ಕೂಲೆಂಟನ್ನು ವಾಪಸ್ ಎಳೆದುಕೊಳ್ಳುವುದು ಆ ಬಿಲ್ಲೆಯ ದಾರಿಯಲ್ಲೇ. ಬಾಟಲಿ ತುಂಬಿ ತುಳುಕುತ್ತಿದ್ದು ರೇಡಿಯೇಟರ್ ಬಾಯಿಯಲ್ಲಿ ನೀರು ಕೆಳಗಿದ್ದರೆ ತಪ್ಪು ಅಲ್ಲಿದೆ, ಇಲ್ಲವೇ ಬಾಟಲಿಗೆ ಹೋಗುವ ಸಣ್ಣ ಪೈಪು ಸೀಳಿ ಗಾಳಿ ಎಳೆಯುತ್ತಿದೆ. ಹೊಸ ಕ್ಯಾಪ್ ತರುವಾಗ ಅಚ್ಚಿನ ಸಂಖ್ಯೆ ಅದೇ ಇರಬೇಕು. 0.9 ಇದ್ದಲ್ಲಿ 1.1 ಹಾಕಿದರೆ ಹಳೇ ರೇಡಿಯೇಟರ್ ಮೊದಲು ಬಾಯಿ ಬಿಡುತ್ತದೆ.

ಇನ್ನು ನೀರಿನ ವಿಷಯ. ನಮ್ಮ ಭಾಗದಲ್ಲಿ ಇದನ್ನು ಒತ್ತಿ ಹೇಳಲೇಬೇಕು. ಶಹಾಬಾದ್, ವಾಡಿ, ಚಿತ್ತಾಪುರ, ಸೇಡಂ ಕಡೆಯ ನೆಲವೇ ಸುಣ್ಣದ ಕಲ್ಲು; ಸಿಮೆಂಟ್ ಕಾರ್ಖಾನೆಗಳು ಅಲ್ಲಿ ಬಂದದ್ದೂ ಅದಕ್ಕಾಗಿಯೇ. ಆ ನೆಲದ ಬೋರ್ ನೀರು ಸುಣ್ಣವನ್ನು ಕರಗಿಸಿಕೊಂಡೇ ಮೇಲೆ ಬರುತ್ತದೆ. ಬಚ್ಚಲ ಹಂಡೆಯ ತಳದಲ್ಲಿ, ನೀರು ಕಾಯಿಸುವ ರಾಡಿನ ಮೇಲೆ ಕಟ್ಟುವ ಬಿಳಿ ಚಕ್ಕೆಯೇ ರೇಡಿಯೇಟರಿನ ಒಳಗೂ ಕಟ್ಟುತ್ತದೆ. ರೇಡಿಯೇಟರಿನ ಕೊಳವೆಗಳು ಒಳಗಡೆ ಎರಡು ಮಿಲಿಮೀಟರ್‌ನಷ್ಟೂ ಅಗಲ ಇರುವುದಿಲ್ಲ. ಚಕ್ಕೆ ಕಟ್ಟಿದರೆ ನೀರಿನ ದಾರಿಯೂ ಕಿರಿದಾಗುತ್ತದೆ, ಶಾಖ ಹೊರಗೆ ಹೋಗುವುದಕ್ಕೂ ಅಡ್ಡಿಯಾಗುತ್ತದೆ. ಸೋರುವ ಗಾಡಿಗೆ ವಾರವಾರ ಬೋರ್ ನೀರು ಸುರಿಯುವವರು ಪ್ರತಿ ಲೋಟದ ಜೊತೆ ಒಂದಿಷ್ಟು ಸುಣ್ಣವನ್ನೂ ಸುರಿಯುತ್ತಾರೆ. ಇದ್ದಬದ್ದ ಕೂಲೆಂಟೂ ತೆಳುವಾಗಿ ತುಕ್ಕು ತಡೆಯುವ ಶಕ್ತಿ ಕಳೆದುಕೊಳ್ಳುತ್ತದೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರಿನ ಐದು ಲೀಟರ್ ಕ್ಯಾನ್ ಎಲ್ಲ ಊರಲ್ಲೂ ಸಿಗುತ್ತದೆ, ಅದೇ ಬಳಸಿ. ದಾರಿಯಲ್ಲಿ ಕೆಟ್ಟು ನಿಂತಾಗ ಸಿಕ್ಕ ಶುದ್ಧ ನೀರು ಹಾಕಿದರೆ ತಪ್ಪಿಲ್ಲ, ಊರು ಸೇರಿದ ಮೇಲೆ ಅದನ್ನು ಪೂರ್ತಿ ಬಸಿದು ತೆಗೆಯಬೇಕು ಅಷ್ಟೇ.

ಸೋರಿಕೆ ಹುಡುಕುವ ಕೆಲಸ ರಾತ್ರಿಯಿಡೀ ನಿಂತು ತಣ್ಣಗಾದ ಗಾಡಿಯಲ್ಲಿ, ಬೆಳಗ್ಗೆ ಆಗಬೇಕು. ಬಿಸಿ ಎಂಜಿನ್ ಮೇಲೆ ಬಿದ್ದ ಹನಿ ಆವಿಯಾಗಿ ಹೋಗುವುದರಿಂದ ಏನೂ ಕಾಣುವುದಿಲ್ಲ. ರಾತ್ರಿಯೇ ಕೆಳಗೆ ಒಂದು ದೊಡ್ಡ ರಟ್ಟು ಹಾಸಿಡಿ. ಬೇಸಿಗೆಯಲ್ಲಿ ಎಡಗಡೆ ಸೀಟಿನ ಕೆಳಭಾಗದಿಂದ ತೊಟ್ಟಿಕ್ಕುವ ನೀರನ್ನು ನೋಡಿ ಗಾಬರಿಯಾಗುವವರು ಬಹಳ. ಅದು ಎಸಿಯ ನೀರು. ಬಣ್ಣ ಇಲ್ಲ, ವಾಸನೆ ಇಲ್ಲ, ಬೆರಳಲ್ಲಿ ಉಜ್ಜಿದರೆ ಜಾರುವುದಿಲ್ಲ. ಕೂಲೆಂಟ್ ಉಜ್ಜಿದರೆ ಜಾರುತ್ತದೆ, ಸಿಹಿ ವಾಸನೆ ಬರುತ್ತದೆ, ಒಣಗಿದ ಕಡೆ ಹಸಿರು, ಗುಲಾಬಿ ಅಥವಾ ಬಿಳಿಯ ಹೊಪ್ಪಳಿಕೆ ಬಿಡುತ್ತದೆ. ಹುಡುಕಬೇಕಾದದ್ದು ಹಸಿ ಜಾಗಕ್ಕಿಂತ ಈ ಹೊಪ್ಪಳಿಕೆಯನ್ನು. ಹನಿ ಬಿದ್ದ ಜಾಗವನ್ನೂ ಪೂರ್ತಿ ನಂಬಬೇಡಿ. ಓಡುವಾಗ ಗಾಳಿ ಅದನ್ನು ಹಿಂದಕ್ಕೆ ತಳ್ಳಿರುತ್ತದೆ, ಪೈಪಿನ ಮೈಗುಂಟ ಹರಿದು ಬೇರೆಲ್ಲೋ ತೊಟ್ಟಿಕ್ಕುತ್ತದೆ. ಹೊಪ್ಪಳಿಕೆಯ ಗೆರೆ ಹಿಡಿದು ಮೇಲಕ್ಕೆ ಹೋಗುತ್ತಾ ಇದ್ದರೆ ಅದರ ತುದಿಯಲ್ಲಿ ತೂತು ಸಿಗುತ್ತದೆ.

ಹಳೇ ಕಾರುಗಳಲ್ಲಿ ಆ ತುದಿ ಹೆಚ್ಚಾಗಿ ಹೋಸ್ ಪೈಪಿನ ಬಾಯಿ. ಕ್ಲಿಪ್ಪಿನಿಂದ ಎರಡು-ಮೂರು ಸೆಂಟಿಮೀಟರ್ ಒಳಗೆ ಹೆಬ್ಬೆರಳಿನಿಂದ ಒತ್ತಿ ನೋಡಿ, ನಂತರ ಪೈಪಿನ ನಡುವೆ ಒತ್ತಿ. ಎರಡೂ ಕಡೆ ಒಂದೇ ಬಿಗುವು ಇರಬೇಕು. ಬಾಯಿಯ ಹತ್ತಿರ ಮೆತ್ತಗೆ ಸ್ಪಂಜಿನ ಹಾಗೆ ಕುಸಿದರೆ, ಅಥವಾ ಒಳಗಿನಿಂದ ಚರ್ ಎಂದು ಬಿರಿದ ಸಪ್ಪಳ ಬಂದರೆ, ಹೊರಮೈ ಎಷ್ಟೇ ಕಪ್ಪಗೆ ಹೊಳೆಯುತ್ತಿದ್ದರೂ ಆ ಪೈಪಿನ ಕತೆ ಮುಗಿದಿದೆ. ರಬ್ಬರ್ ಹಾಳಾಗುವುದು ಒಳಗಿನಿಂದಲೇ, ಅದೂ ಪೈಪು ಏರಿ ಕೂರುವ ಲೋಹದ ಕತ್ತಿನ ಹತ್ತಿರ. ಮೇಲಿನ ಪೈಪು, ಕೆಳಗಿನ ಪೈಪು, ಹೀಟರ್‌ಗೆ ಹೋಗುವ ಎರಡು, ಬೈಪಾಸ್ ಪೈಪು ಎಲ್ಲವೂ ಒಂದೇ ವಯಸ್ಸಿನವು. ಒಂದು ಹೋಗಿದ್ದರೆ ಎಲ್ಲವನ್ನೂ ಬದಲಿಸುವುದು ದುಂದುಗಾರಿಕೆ ಅಲ್ಲ. ಬರೀ ಮೇಲಿನದನ್ನು ಹೊಸದು ಹಾಕಿದರೆ ಒತ್ತಡ ಮತ್ತೆ ಪೂರ್ತಿ ನಿಲ್ಲುತ್ತದೆ, ಮುಂದಿನ ತಿಂಗಳು ಹೀಟರ್ ಪೈಪು ಒಡೆಯುತ್ತದೆ.

ಕಣ್ಣಿಗೆ ಏನೂ ಕಾಣದಿದ್ದರೆ ಪ್ರೆಶರ್ ಟೆಸ್ಟರ್ ಬೇಕು. ಕ್ಯಾಪಿನ ಜಾಗದಲ್ಲಿ ಕೂರುವ ಒಂದು ಕೈಪಂಪು, ಅದಕ್ಕೊಂದು ಗೇಜ್. ತಣ್ಣಗಿನ ಎಂಜಿನ್‌ಗೆ ಕ್ಯಾಪಿನ ಮೇಲೆ ಬರೆದಷ್ಟೇ ಒತ್ತಡ ಕೊಟ್ಟು ಹತ್ತು-ಹದಿನೈದು ನಿಮಿಷ ಬಿಟ್ಟು ನೋಡಬೇಕು. ಮುಳ್ಳು ಅಲುಗದಿದ್ದರೆ ಹೊರಗಡೆ ಸೋರಿಕೆ ಇಲ್ಲ. ಇಳಿದರೆ ಎಲ್ಲಾದರೂ ಹನಿ ಕಾಣಲೇಬೇಕು. ಇಳಿದೂ ಹನಿ ಕಾಣದಿದ್ದರೆ ಎರಡೇ ಜಾಗ: ಡ್ಯಾಶ್‌ಬೋರ್ಡ್ ಒಳಗಿನ ಹೀಟರ್ ಕೋರ್ ಅಥವಾ ಎಂಜಿನ್ನಿನ ಒಳಗೆ. ಹೀಟರ್ ಕೋರ್ ಸೋರಿದರೆ ಮುಂದಿನ ಕಾರ್ಪೆಟ್ ಒದ್ದೆಯಾಗಿ ಅಂಟಂಟಾಗುತ್ತದೆ, ಮುಂದಿನ ಗಾಜಿನ ಒಳಗೆ ಎಣ್ಣೆಯಂಥ ಮಬ್ಬು ಕೂರುತ್ತದೆ. ಈ ಟೆಸ್ಟರ್ ಇಟ್ಟುಕೊಂಡ ಗ್ಯಾರೇಜು ಯಾವುದೆಂದು ಮೊದಲೇ ವಿಚಾರಿಸಿಕೊಳ್ಳುವುದು ಒಳ್ಳೆಯದು. ಟೆಸ್ಟ್ ಮಾಡದೆ "ರೇಡಿಯೇಟರ್ ಬದಲ್ ಮಾಡ್ರಿ" ಎಂದು ಸೀದಾ ಹೇಳುವ ಕಡೆ ಸಾವಿರಾರು ರೂಪಾಯಿ ಹೋಗಿಯೂ ಸೋರಿಕೆ ಉಳಿಯಬಹುದು.

ಟೆಂಪರೇಚರ್ ಮುಳ್ಳಿನ ಬಗ್ಗೆ ಒಂದು ಎಚ್ಚರಿಕೆ. ಮುಳ್ಳಿಗೆ ಸುದ್ದಿ ಕೊಡುವ ಸೆನ್ಸರ್ ಕೂಲೆಂಟಿನಲ್ಲಿ ಮುಳುಗಿದ್ದರೆ ಮಾತ್ರ ಸರಿ ಹೇಳುತ್ತದೆ. ಮಟ್ಟ ಇಳಿದು ಸೆನ್ಸರ್ ಬರೀ ಗಾಳಿಯಲ್ಲಿ ನಿಂತರೆ ಎಂಜಿನ್ ಸುಡುತ್ತಿದ್ದರೂ ಮುಳ್ಳು ಕೆಳಗಿಳಿಯಬಹುದು. ಫ್ಯಾನ್ ಸ್ವಿಚ್ಚೂ ಹಾಗೆಯೇ, ಫ್ಯಾನ್ ತಿರುಗುವುದೇ ಇಲ್ಲ. ಏರಿದ ಮುಳ್ಳು ಏಕಾಏಕಿ ಬಿದ್ದರೆ ಸಮಾಧಾನಪಟ್ಟು ಮುಂದೆ ಹೋಗಬೇಡಿ, ಗಾಡಿ ನಿಲ್ಲಿಸಿ. ಮುಳ್ಳು ಏರುತ್ತಿರುವುದು ಕಂಡ ಕೂಡಲೇ ಎಸಿ ಆರಿಸಿ, ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ ಬ್ಲೋವರ್ ಜೋರಾಗಿ ಹಾಕಿ. ಮೇ ತಿಂಗಳ ಮಧ್ಯಾಹ್ನ ಇದು ಹಿಂಸೆಯೇ, ಆದರೆ ಹೀಟರ್ ಎಂಬುದು ಎರಡನೇ ಸಣ್ಣ ರೇಡಿಯೇಟರ್. ನೆರಳು ಸಿಗುವವರೆಗಿನ ಒಂದು ಕಿಲೋಮೀಟರ್ ಅದು ಉಳಿಸಿಕೊಡುತ್ತದೆ. ಹಬೆ ಎದ್ದಿದ್ದರೆ ಆ ಒಂದು ಕಿಲೋಮೀಟರೂ ಬೇಡ, ಅಲ್ಲೇ ಆರಿಸಿ.

ಆಮೇಲೆ ಕಾಯಬೇಕು. ನಮ್ಮ ಬಿಸಿಲಲ್ಲಿ ಮುಕ್ಕಾಲು ಗಂಟೆಯಿಂದ ಒಂದು ಗಂಟೆ. ಮೇಲಿನ ಹೋಸ್ ಪೈಪು ಕೈಯಲ್ಲಿ ಹಿಡಿಯುವಂತಾಗಿ, ಒತ್ತಿದಾಗ ಮೆತ್ತಗೆ ಒಳಗೆ ಹೋದ ಮೇಲೆ, ಮಡಚಿದ ದಪ್ಪ ಬಟ್ಟೆ ಹಿಡಿದು ಕ್ಯಾಪನ್ನು ಮೊದಲ ಮೆಟ್ಟಿಲಿಗೆ ತಿರುಗಿಸಿ, ಉಸಿರು ಪೂರ್ತಿ ಹೋದ ನಂತರ ತೆಗೆಯಿರಿ. ಬಿಸಿ ಇರುವಾಗಲೇ ಕ್ಯಾಪ್ ತೆಗೆದು ಮುಖ, ಎದೆ ಸುಟ್ಟುಕೊಂಡವರು ಪ್ರತಿ ಬೇಸಿಗೆಯಲ್ಲೂ ಇದ್ದಾರೆ. ಸುಡುವ ಎಂಜಿನ್ ಒಳಗೆ ತಣ್ಣೀರು ಸುರಿಯುವುದೂ ಅಷ್ಟೇ ಕೆಟ್ಟದ್ದು: ಸಿಲಿಂಡರುಗಳ ಮೇಲೆ ಮುಚ್ಚಳದಂತೆ ಕೂರುವ ಅಲ್ಯೂಮಿನಿಯಂ ಹೆಡ್ ಒಂದು ಕಡೆ ಥಟ್ಟನೆ ಕುಗ್ಗಿ ಡೊಂಕಾಗುತ್ತದೆ ಅಥವಾ ಬಿರುಕು ಬಿಡುತ್ತದೆ.

ಪೈಪು ಬದಲಿಸುವ ಕೆಲಸ ಮನೆಯ ಮುಂದೆ ಮಾಡಿಕೊಳ್ಳುವಂಥದ್ದೇ. ತಣ್ಣಗಿದ್ದಾಗ ಕ್ಯಾಪ್ ತೆಗೆದು, ರೇಡಿಯೇಟರ್ ಕೆಳಗಿನ ಡ್ರೇನ್ ತಿರುಗಣೆ ಸಡಿಲಿಸಿ ಅಗಲವಾದ ಟಬ್ಬಿಗೆ ಬಸಿಯಿರಿ. ಪ್ಲಾಸ್ಟಿಕ್ ತಿರುಗಣೆ ಹಳತಾಗಿದ್ದರೆ ಮುರಿಯುತ್ತದೆ. ಗಟ್ಟಿಯಾಗಿದೆ ಅನ್ನಿಸಿದರೆ ಬಲ ಹಾಕದೆ ಕೆಳಗಿನ ಪೈಪನ್ನೇ ಬಿಚ್ಚಿ ಬಸಿಯುವುದು ಮೇಲು. ಎಷ್ಟು ಹೊರಬಂತು ಎಂದು ಅಳೆದಿಡಿ, ಮುಂದೆ ಲೆಕ್ಕಕ್ಕೆ ಬೇಕು. ಅಂಟಿಕೊಂಡ ಹಳೇ ಪೈಪನ್ನು ಎಳೆದಾಡಬೇಡಿ. ರೇಡಿಯೇಟರಿನ ಪ್ಲಾಸ್ಟಿಕ್ ಕತ್ತು ಬಿಸಿ ತಿಂದು ತಿಂದು ಪೆಡಸಾಗಿರುತ್ತದೆ, ಪೈಪಿನ ಜೊತೆ ಅದೂ ಕೈಗೆ ಬರುತ್ತದೆ. ಬ್ಲೇಡಿನಿಂದ ಪೈಪನ್ನು ಉದ್ದಕ್ಕೆ ಸೀಳಿ, ಸಿಪ್ಪೆ ಬಿಡಿಸಿದಂತೆ ತೆಗೆಯಿರಿ. ಬ್ಲೇಡು ಕತ್ತಿಗೆ ತಾಗದಂತೆ ನೋಡಿಕೊಳ್ಳಿ. ಲೋಹದ ಕತ್ತಿನ ಮೇಲಿನ ತುಕ್ಕು, ಸುಣ್ಣ ಹೋಗುವಂತೆ 400 ನಂಬರಿನ ಎಮರಿ ಕಾಗದದಿಂದ ಸುತ್ತಲೂ ಉಜ್ಜಿ. ಹೊಸ ಪೈಪು ಸಲೀಸಾಗಿ ಏರಲೆಂದು ಗ್ರೀಸು, ಎಂಜಿನ್ ಆಯಿಲ್ ಹಚ್ಚುವ ರೂಢಿ ಇದೆ; ಈ ರಬ್ಬರ್ ಪೆಟ್ರೋಲಿಯಂ ಎಣ್ಣೆಗೆ ಉಬ್ಬಿ ಸಡಿಲಾಗುತ್ತದೆ, ಒಂದೆರಡು ಹನಿ ಕೂಲೆಂಟನ್ನೇ ಹಚ್ಚಿದರೆ ಸಾಕು. ಕ್ಲಿಪ್ ಕೂರಬೇಕಾದ ಜಾಗ ಕತ್ತಿನ ಉಬ್ಬು ಏಣಿನ ಹಿಂದೆ, ಪೈಪಿನ ಅಂಚಿನಿಂದ ಮೂರು-ನಾಲ್ಕು ಮಿಲಿಮೀಟರ್ ಒಳಗೆ. ಏಣಿನ ಮೇಲೆಯೇ ಕೂರಿಸಿದರೆ ಪೈಪು ಕತ್ತರಿಸುತ್ತದೆ, ಅಂಚಿಗೆ ಕೂರಿಸಿದರೆ ಜಾರುತ್ತದೆ. ಸ್ಕ್ರೂ ಕ್ಲಿಪ್ ಆದರೆ ಒಂದು ಸಲ ಗಾಡಿ ಬಿಸಿಯಾಗಿ ತಣ್ಣಗಾದ ಮೇಲೆ ಇನ್ನೊಮ್ಮೆ ಬಿಗಿಯಬೇಕು. ಕಂಪನಿಯ ಸ್ಪ್ರಿಂಗ್ ಕ್ಲಿಪ್ಪಿಗೆ ಅದು ಬೇಡ, ರಬ್ಬರ್ ಉಬ್ಬಿ ಕುಗ್ಗಿದಂತೆ ಅದೂ ಹೊಂದಿಕೊಳ್ಳುತ್ತದೆ. ಕೆಲವು ಗಾಡಿಗಳ ಕೆಳಗಿನ ಪೈಪಿನೊಳಗೆ ತಂತಿ ಸ್ಪ್ರಿಂಗ್ ಇರುತ್ತದೆ. ಪಂಪು ನೀರೆಳೆಯುವಾಗ ಪೈಪು ಕುಸಿಯದಿರಲೆಂದು ಇಟ್ಟದ್ದು ಅದು, ಹೊಸ ಪೈಪಿನಲ್ಲೂ ಇರಲೇಬೇಕು.

ರೇಡಿಯೇಟರ್ ಸೋರುತ್ತಿದ್ದರೆ ಅದು ಯಾವ ಲೋಹದ್ದು ಎಂಬುದರ ಮೇಲೆ ನಿರ್ಧಾರ. ಹಳೇ ಅಂಬಾಸಿಡರ್, ಜೀಪುಗಳ ತಾಮ್ರ-ಹಿತ್ತಾಳೆ ರೇಡಿಯೇಟರನ್ನು ಬೆಸುಗೆ ಹಾಕಿ, ಕೊಳವೆಗಳನ್ನು ಸಲಾಕೆಯಿಂದ ಶುಚಿ ಮಾಡಿ ವರ್ಷಗಟ್ಟಲೆ ಓಡಿಸಬಹುದು. ಅಲ್ಯೂಮಿನಿಯಂ ಕೋರಿಗೆ ಪ್ಲಾಸ್ಟಿಕ್ ಟ್ಯಾಂಕ್ ಮಡಚಿ ಕೂರಿಸಿದ್ದು ಹಾಗಲ್ಲ. ಮಡಿಕೆಯ ಸಾಲಿನಲ್ಲಿ ಸೋರಿದರೆ, ಟ್ಯಾಂಕಿನಲ್ಲಿ ಕೂದಲೆಳೆಯಷ್ಟು ಬಿರುಕು ಬಂದರೆ ಬದಲಿಸುವುದೇ ದಾರಿ. ಎಂ-ಸೀಲ್ ಮೆತ್ತಿದರೆ ಕೆಲವು ದಿನ ನಿಂತೀತು. ಪ್ಲಾಸ್ಟಿಕ್ ಹಿಗ್ಗುವಷ್ಟು ಅದು ಹಿಗ್ಗುವುದಿಲ್ಲ, ಬಿಸಿಯಾದಾಗ ಬಿಟ್ಟುಕೊಳ್ಳುತ್ತದೆ. ರೇಡಿಯೇಟರಿಗೆ ಅರಿಶಿನ ಪುಡಿ ಹಾಕುವುದು ಲಾರಿ ಡ್ರೈವರುಗಳ ಹಳೇ ಉಪಾಯ. ಪುಡಿ ಹೋಗಿ ತೂತಿನಲ್ಲಿ ಕೂರುವುದು ನಿಜ. ಆದರೆ ತೂತು ಯಾವುದು, ಕೊಳವೆ ಯಾವುದು ಎಂಬುದು ಪುಡಿಗೆ ತಿಳಿಯುವುದಿಲ್ಲ. ಹೀಟರ್ ಕೋರ್, ರೇಡಿಯೇಟರಿನ ಸಣ್ಣ ಕೊಳವೆ ಎಲ್ಲ ಕಟ್ಟಿಕೊಳ್ಳುತ್ತವೆ. ಅಂಗಡಿಯ ಸ್ಟಾಪ್-ಲೀಕ್ ಪುಡಿಯದ್ದೂ ಇದೇ ಹಣೆಬರಹ. ರಾತ್ರಿ ಹೊತ್ತು ಊರು ಮುಟ್ಟಲು ಬೇರೆ ದಾರಿಯೇ ಇಲ್ಲದಿದ್ದರೆ ಹಾಕಿ, ಮರುದಿನ ತೊಳೆದು ತೆಗೆಯಿರಿ.

ವಾಟರ್ ಪಂಪಿನ ಕೆಳಗೆ ಒಂದು ಚಿಕ್ಕ ತೂತು ಬಿಟ್ಟಿರುತ್ತಾರೆ. ಒಳಗಿನ ಸೀಲ್ ಸವೆದರೆ ಕೂಲೆಂಟ್ ಬೇರಿಂಗಿಗೆ ಹೋಗದೆ ಅಲ್ಲಿಂದ ಹೊರಬರಲೆಂದೇ ಅದು. ಒಣಗಿದ ಸಣ್ಣ ಕಲೆ ಇದ್ದರೆ ಚಿಂತೆ ಬೇಡ, ಹನಿ ಬೀಳುತ್ತಿದ್ದರೆ ಪಂಪು ಬದಲಿಸಿ. ಆ ತೂತನ್ನು ಮುಚ್ಚಿದರೆ ಕೂಲೆಂಟ್ ಬೇರಿಂಗ್ ತಿನ್ನುತ್ತದೆ, ಪುಲ್ಲಿ ಸಮೇತ ಕಳಚುತ್ತದೆ. ಟೈಮಿಂಗ್ ಬೆಲ್ಟಿನಿಂದ ತಿರುಗುವ ಪಂಪಾದರೆ ಬೆಲ್ಟನ್ನೂ ಜೊತೆಗೇ ಬದಲಿಸಿ, ಕೂಲಿ ಒಂದೇ. ಗ್ಯಾಸ್ಕೆಟಿಗೆ ಸಿಲಿಕೋನ್ ಹಚ್ಚುವುದಾದರೆ ತೆಳುವಾದ ಒಂದು ಗೆರೆ ಸಾಕು. ಹೆಚ್ಚಾದದ್ದು ಒಳಗೆ ಕಿತ್ತು ಹೋಗಿ ರೇಡಿಯೇಟರ್ ಸೇರುತ್ತದೆ.

"ನಮ್ಮ ಕಡಿ ಬಿಸ್ಲಿಗಿ ವಾಲ್ ಯಾಕ ಬೇಕ್ರೀ, ತೆಗ್ದು ಬಿಡ್ರಿ" ಎಂದು ಥರ್ಮೋಸ್ಟಾಟ್, ಅಂದರೆ ಎಂಜಿನ್ ಬಿಸಿಯಾದ ಮೇಲೆ ರೇಡಿಯೇಟರ್ ದಾರಿ ತೆರೆಯುವ ವಾಲ್ವ್, ಕಿತ್ತು ಹಾಕುವುದು ನಮ್ಮಲ್ಲಿ ಮಾಮೂಲು. ಇದನ್ನು ಒಪ್ಪಬೇಡಿ. ಅನೇಕ ಎಂಜಿನ್‌ಗಳಲ್ಲಿ ಥರ್ಮೋಸ್ಟಾಟಿಗೆ ಎರಡು ತಟ್ಟೆ: 82 ಅಥವಾ 88 ಡಿಗ್ರಿಗೆ ಒಂದು ರೇಡಿಯೇಟರ್ ದಾರಿ ತೆರೆದಂತೆ ಇನ್ನೊಂದು ಬೈಪಾಸ್ ದಾರಿ ಮುಚ್ಚುತ್ತದೆ. ಕಿತ್ತು ಹಾಕಿದರೆ ಬೈಪಾಸ್ ಸದಾ ತೆರೆದೇ ಇರುತ್ತದೆ, ಬಿಸಿ ನೀರಿನ ಒಂದು ಪಾಲು ರೇಡಿಯೇಟರಿಗೆ ಹೋಗದೆ ಎಂಜಿನ್ನಿಗೇ ತಿರುಗಿ ಬರುತ್ತದೆ. ತಣ್ಣಗಿರಲಿ ಎಂದು ಮಾಡಿದ ಕೆಲಸವೇ ಬೇಸಿಗೆಯಲ್ಲಿ ಬಿಸಿ ಏರಿಸುತ್ತದೆ. ಚಳಿಗಾಲದಲ್ಲಿ ಎಂಜಿನ್ ಬೇಗ ಬಿಸಿಯಾಗದೆ ಪೆಟ್ರೋಲ್ ಹೆಚ್ಚು ಕುಡಿಯುತ್ತದೆ, ಸವೆತವೂ ಹೆಚ್ಚು. ಅನುಮಾನ ಇದ್ದರೆ ಥರ್ಮೋಸ್ಟಾಟನ್ನು ಪಾತ್ರೆಯಲ್ಲಿ ದಾರ ಕಟ್ಟಿ ಇಳಿಬಿಟ್ಟು ನೀರು ಕಾಯಿಸಿ: ಕುದಿಯುವ ಮೊದಲೇ ಬಾಯಿ ತೆರೆಯಬೇಕು, ತಣ್ಣಗಾದಾಗ ಪೂರ್ತಿ ಮುಚ್ಚಬೇಕು. ಇಲ್ಲದಿದ್ದರೆ ಅದೇ ಡಿಗ್ರಿಯ ಹೊಸದನ್ನು ಹಾಕಿ.

ಹೊರಗೆ ಎಲ್ಲೂ ಸೋರದೆ ಮಟ್ಟ ಇಳಿಯುತ್ತಿದ್ದರೆ ಹೆಡ್ಡಿಗೂ ಎಂಜಿನ್ ಬ್ಲಾಕಿಗೂ ನಡುವೆ ಕೂರುವ ಹೆಡ್ ಗ್ಯಾಸ್ಕೆಟ್ ನೋಡಬೇಕು. ತಣ್ಣಗಿರುವಾಗ ಕ್ಯಾಪ್ ತೆಗೆದು ಸ್ಟಾರ್ಟ್ ಮಾಡಿದರೆ ಗುಳ್ಳೆ ನಿಲ್ಲದೆ ಬರುವುದು, ಬಿಸಿಯಾದ ಮೇಲೂ ಸೈಲೆನ್ಸರಿನಿಂದ ಸಿಹಿ ವಾಸನೆಯ ಬಿಳಿ ಹೊಗೆ, ಆಯಿಲ್ ಡಿಪ್‌ಸ್ಟಿಕ್ಕಿನಲ್ಲಿ ಹಾಲು ಬೆರೆಸಿದ ಚಹಾದ ಬಣ್ಣ ಇವು ಗುರುತು. ಖಾತ್ರಿಗೆ ಬ್ಲಾಕ್ ಟೆಸ್ಟ್ ಇದೆ: ರೇಡಿಯೇಟರ್ ಬಾಯಿಯ ಗಾಳಿಯನ್ನು ನೀಲಿ ದ್ರವದ ಮೂಲಕ ಎಳೆದಾಗ ದ್ರವ ಹಳದಿಗೆ ತಿರುಗಿದರೆ ಸಿಲಿಂಡರಿನ ಹೊಗೆ ಕೂಲೆಂಟಿಗೆ ಬರುತ್ತಿದೆ. ಹೆಡ್ ಬಿಚ್ಚಿದ ಮೇಲೆ ಬರೀ ಗ್ಯಾಸ್ಕೆಟ್ ಬದಲಿಸಿ ಮುಚ್ಚಲು ಬಿಡಬೇಡಿ. ನೇರ ಪಟ್ಟಿ ಇಟ್ಟು ಫೀಲರ್ ಗೇಜ್ ತೂರಿಸಿ ಡೊಂಕು ಅಳೆಯಬೇಕು. ಅನೇಕ ಸಣ್ಣ ಎಂಜಿನ್‌ಗಳಲ್ಲಿ ಮಿತಿ 0.05 ಮಿಲಿಮೀಟರ್. ಮೀರಿದ್ದರೆ ಮೆಷಿನ್ ಶಾಪಿನಲ್ಲಿ ಹೆಡ್ಡಿನ ಮೈ ಸಮ ಮಾಡುವ ಹೆಡ್ ಫೇಸಿಂಗ್ ಆಗಬೇಕು.

ಈಗ ತುಂಬಿಸುವುದು. ಅರ್ಧಕ್ಕರ್ಧ ಕೆಲಸ ಕೆಡುವುದು ಇಲ್ಲೇ. ಡಬ್ಬಿಯ ಮೇಲೆ ಓದಿ: ಹಾಗೇ ಹಾಕುವ ರೆಡಿ-ಟು-ಯೂಸ್ ಕೂಲೆಂಟೋ, ನೀರು ಬೆರೆಸಬೇಕಾದ ಕಾನ್ಸಂಟ್ರೇಟೋ. ನೀರು ಬೆರೆಸದೆ ಬರೀ ಕಾನ್ಸಂಟ್ರೇಟ್ ಹಾಕಿದರೆ ಗಾಡಿ ಇನ್ನಷ್ಟು ತಣ್ಣಗಿರುತ್ತದೆ ಎಂಬುದು ತಪ್ಪು. ಕಾನ್ಸಂಟ್ರೇಟಿನ ಮುಖ್ಯ ದ್ರವವಾದ ಗ್ಲೈಕಾಲ್ ದಪ್ಪ, ಅದರ ಶಾಖ ಹೊರುವ ಶಕ್ತಿ ನೀರಿಗಿಂತ ಬಹಳ ಕಡಿಮೆ. ಬೀದರ್‌ನ ಡಿಸೆಂಬರ್ ಚಳಿಯಲ್ಲೂ ರೇಡಿಯೇಟರ್ ಹೆಪ್ಪುಗಟ್ಟುವುದಿಲ್ಲ, ಆದ್ದರಿಂದ ನಮಗೆ ನೂರಕ್ಕೆ 40ರಿಂದ 50 ಪಾಲು ಕಾನ್ಸಂಟ್ರೇಟ್ ಧಾರಾಳ. 33ಕ್ಕಿಂತ ಕಡಿಮೆಯಾದರೆ ತುಕ್ಕು ತಡೆಯುವ ಅಂಶ ಸಾಲುವುದಿಲ್ಲ. ಅಳತೆಯ ಲೆಕ್ಕ ಹೀಗೆ: ಒಟ್ಟು ನಾಲ್ಕು ಲೀಟರ್ ಹಿಡಿಯುವ ಗಾಡಿಯನ್ನು ಡಿಸ್ಟಿಲ್ಡ್ ನೀರಿನಿಂದ ತೊಳೆದು ಬಸಿದಾಗ ಎರಡೂವರೆ ಲೀಟರ್ ಬಂದರೆ ಒಂದೂವರೆ ಲೀಟರ್ ನೀರು ಎಂಜಿನ್ ಒಳಗೇ ಉಳಿದಿದೆ. ಹಾಗಾಗಿ ಮೊದಲು ಎರಡು ಲೀಟರ್ ಕಾನ್ಸಂಟ್ರೇಟ್, ಆಮೇಲೆ ಅರ್ಧ ಲೀಟರ್ ಡಿಸ್ಟಿಲ್ಡ್ ನೀರು. ಮೊದಲೇ ಅರ್ಧರ್ಧ ಬೆರೆಸಿ ಹಾಕಿದ್ದರೆ ಒಳಗೆ 31 ಪಾಲು ಮಾತ್ರ ಇರುತ್ತಿತ್ತು. ಬಣ್ಣ ನೋಡಿ ಜಾತಿ ಹೇಳಲಾಗದು, ಕಂಪನಿಗೊಂದು ಬಣ್ಣ. ಹಳೇ ಸಿಲಿಕೇಟ್ ಬಗೆಯನ್ನೂ ಹೊಸ ಆರ್ಗ್ಯಾನಿಕ್ ಬಗೆಯನ್ನೂ ಬೆರೆಸಿದರೆ ಎರಡರ ಬಾಳಿಕೆಯೂ ಹಾಳು, ಕೆಲವೊಮ್ಮೆ ಗೊಜ್ಜಿನಂತೆ ಗಟ್ಟಿಯಾಗುವುದೂ ಉಂಟು.

ಗಾಡಿಯ ಮೂತಿ ಮೇಲಾಗುವಂತೆ ಇಳಿಜಾರಿನಲ್ಲಿ ನಿಲ್ಲಿಸಿ ಗಾಲಿಗೆ ಕಲ್ಲು ಕೊಡಿ. ಹೀಟರ್ ಪೂರ್ತಿ ಬಿಸಿಗೆ ಇರಲಿ. ಗಾಳಿ ಬಿಡುವ ಸ್ಕ್ರೂ ಇದ್ದರೆ ಸಡಿಲಿಸಿ, ಗುಳ್ಳೆಯಿಲ್ಲದೆ ಧಾರೆ ಬಂದ ಮೇಲೆ ಬಿಗಿಯಿರಿ. ನಿಧಾನವಾಗಿ ತುಂಬಿ, ಕ್ಯಾಪ್ ಹಾಕದೆ ಸ್ಟಾರ್ಟ್ ಮಾಡಿ, ಮೇಲಿನ ಪೈಪನ್ನು ಆಗಾಗ ಹಿಚುಕುತ್ತಾ ಇರಿ. ಥರ್ಮೋಸ್ಟಾಟ್ ತೆರೆದಾಗ ಆ ಪೈಪು ಒಮ್ಮೆಲೇ ಬಿಸಿಯಾಗಿ ಮಟ್ಟ ಕುಸಿಯುತ್ತದೆ. ಆಗ ತುಂಬಿ, ಉಕ್ಕುವ ಮೊದಲೇ ಕ್ಯಾಪ್ ಹಾಕಿ. ಫ್ಯಾನ್ ಎರಡು ಸಲ ತಿರುಗಿ ನಿಂತಿತು, ಹೀಟರಿನಿಂದ ಸುಡುವ ಗಾಳಿ ಬಂತು ಎಂದರೆ ಒಳಗೆ ಗಾಳಿ ಉಳಿದಿಲ್ಲ. ಹೀಟರ್ ಗಾಳಿ ತಣ್ಣಗೇ ಇದ್ದರೆ ಎಲ್ಲೋ ಗಾಳಿಗಂಟು ಕೂತಿದೆ. ಮುಂದಿನ ಮೂರು ಬೆಳಗ್ಗೆ ತಣ್ಣಗಿದ್ದಾಗ ಮಟ್ಟ ನೋಡಿ. ಮೊದಲ ದಿನ ಸ್ವಲ್ಪ ಇಳಿಯುವುದು ಸಹಜ, ಮೂರನೇ ದಿನವೂ ಇಳಿದರೆ ಮತ್ತೆ ಟೆಸ್ಟರ್ ಹಾಕಿಸಿ.

ತೊಗರಿ ರಾಶಿಯ ದಿನಗಳಲ್ಲಿ ರಸ್ತೆ ಮೇಲೆ ಹಾಕಿದ ಬೆಳೆಯ ಮೇಲೆ ಓಡಿಸಿದವರು ರೇಡಿಯೇಟರಿನ ಮುಖವನ್ನೂ ನೋಡಬೇಕು. ಹೊಟ್ಟು, ಎಲೆಪುಡಿ ಎಸಿ ಕಂಡೆನ್ಸರಿಗೂ ರೇಡಿಯೇಟರಿಗೂ ನಡುವೆ ಹೋಗಿ ಕಂಬಳಿಯಾಗಿ ಕೂರುತ್ತವೆ. ಎಂಜಿನ್ ಕಡೆಯಿಂದ ಹೊರಮುಖವಾಗಿ, ಸಾದಾ ಪೈಪಿನ ನೀರು ಬಿಟ್ಟು ತೊಳೆಯಿರಿ. ವಾಷಿಂಗ್ ಗನ್ ಬೇಡ, ರೆಕ್ಕೆಗಳು ಮಡಚಿಬಿಡುತ್ತವೆ.

ಬಸಿದ ಕೂಲೆಂಟನ್ನು ಚರಂಡಿಗೆ ಚೆಲ್ಲಬೇಡಿ. ಎಥಿಲೀನ್ ಗ್ಲೈಕಾಲ್ ಸಿಹಿಯಾಗಿರುತ್ತದೆ. ನಾಯಿ, ಬೆಕ್ಕು, ದನ ನೆಕ್ಕುತ್ತವೆ. ಅದು ಮೂತ್ರಪಿಂಡವನ್ನು ಕೆಡಿಸಿ ಕೊಲ್ಲುತ್ತದೆ, ಬೆಕ್ಕಿಗಾದರೆ ಒಂದು ಟೀ ಚಮಚ ಕಾನ್ಸಂಟ್ರೇಟ್ ಸಾಕು. ಮಕ್ಕಳು ಬಣ್ಣ ನೋಡಿ ಶರಬತ್ತು ಅಂದುಕೊಳ್ಳುವ ಅಪಾಯ ಇರುವುದರಿಂದ ಕುಡಿಯುವ ನೀರಿನ ಬಾಟಲಿಗೆ ತುಂಬಿಡಲೇಬಾರದು. ಖಾಲಿ ಕೂಲೆಂಟ್ ಡಬ್ಬಿಗೇ ಹಾಕಿ, ಬಿಗಿಯಾಗಿ ಮುಚ್ಚಿ, ಮೇಲೆ ದಪ್ಪಕ್ಷರದಲ್ಲಿ ವಿಷ ಎಂದು ಬರೆದು, ಹಳೇ ಕೂಲೆಂಟ್ ತೆಗೆದುಕೊಳ್ಳುವ ಸರ್ವಿಸ್ ಸೆಂಟರಿಗೆ ಕೊಡಿ. ಹಳೇ ಎಂಜಿನ್ ಆಯಿಲ್ ಜೊತೆ ಬೆರೆಸಬೇಡಿ. ನೆಲಕ್ಕೆ ಬಿದ್ದದ್ದರ ಮೇಲೆ ಮೊದಲು ಒಣ ಮಣ್ಣೋ ಮರದ ಪುಡಿಯೋ ಹಾಕಿ ಹೀರಿಸಿ, ಗುಡಿಸಿ ಚೀಲಕ್ಕೆ ತುಂಬಿ, ಆಮೇಲೆ ಆ ಜಾಗಕ್ಕೆ ನೀರು ಹಾಕಿ. ಮೊದಲೇ ನೀರು ಬಿಟ್ಟರೆ ಅದು ಹರಿದು ಹೋಗಿ ಬಿಸಿಲಲ್ಲಿ ದನಗಳು ಬಾಯಿ ಹಾಕುವ ಗುಂಡಿಯನ್ನೇ ಸೇರುತ್ತದೆ.